ರಕ್ತಪರೀಕ್ಷೆಯ ಚೀಟಿಯನ್ನು ಓದುವ ಬಗೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯ ಮೇಲೆ ರಕ್ತದ ಮಾತು ಬಂದರೆ ಕುಮಾರವ್ಯಾಸನ ಯುದ್ಧವರ್ಣನೆಯನ್ನು ನಿರೀಕ್ಷಿಸುವವರೂ ನಿಮ್ಮಲ್ಲಿ ಕೆಲವರಿದ್ದಾರು. ಅವರಿಗೆ ಸ್ವಲ್ಪ ನಿರಾಶೆಯಾದೀತು. ನಾವು ಹೇಳಹೊರಟಿರುವುದು ಮೊಣಕೈ ಮಡಿಕೆಯಿಂದ ತೆಗೆದ ನಾಲ್ಕೈದು ಮಿಲಿಲೀಟರ್ ರಕ್ತದ ಸಂಗತಿ. ಅದು ಪ್ರಯೋಗಶಾಲೆಗೆ ಹೋಗಿ ಅಂಕಿಗಳಾಗಿ ಮನೆಗೆ ಮರಳಿದಾಗ ಆ ಅಂಕಿಗಳನ್ನು ಓದುವ ಬಗೆ. ದಿನವೆಲ್ಲ ಗಾಜಿನ ನಳಿಗೆಗಳ ನಡುವೆ ಕಳೆಯುವ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರೆ ಇಲ್ಲ.

ಈಗ ಹೈದರಾಬಾದಿನಲ್ಲಿ ರಕ್ತಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಲೇಬೇಕೆಂದೇನೂ ಇಲ್ಲ. ಬೆಳಗಿನ ಆರು ಗಂಟೆಗೆ ಹುಡುಗನೊಬ್ಬ ಬಾಗಿಲು ತಟ್ಟಿ ರಕ್ತ ತೆಗೆದುಕೊಂಡು ಹೋಗುತ್ತಾನೆ; ಸಂಜೆಗೆ ವರದಿ ಮೊಬೈಲಿಗೆ ಬಂದು ಬೀಳುತ್ತದೆ. ವೈದ್ಯರು ನೋಡುವ ಮೊದಲೇ ಮನೆಮಂದಿಯೆಲ್ಲ ಅದನ್ನು ನೋಡಿ, ಬೆಂಗಳೂರಿನ ಮಗನಿಗೂ ಅಮೆರಿಕದ ಮಗಳಿಗೂ ಕಳಿಸಿ, ದಪ್ಪಕ್ಷರದಲ್ಲಿ ಅಚ್ಚಾದ ಒಂದೇ ಒಂದು ಅಂಕಿಗಾಗಿ ರಾತ್ರಿಯ ನಿದ್ದೆಯನ್ನು ಕಳೆದುಕೊಂಡಿರುತ್ತಾರೆ. ಇದಕ್ಕೆ ವಿರುದ್ಧವಾದುದೂ ಉಂಟು. ಅಂಕಿಗಳೆಲ್ಲ ಗೆರೆಯೊಳಗೇ ಇವೆಯೆಂದು ಸಮಾಧಾನಪಟ್ಟುಕೊಂಡು, ದೇಹವೇ ಕೊಡುತ್ತಿರುವ ಎಚ್ಚರಿಕೆಯನ್ನು ತಳ್ಳಿಹಾಕುವವರು. ನಾವು ಕಂಡಂತೆ ಎರಡನೆಯವರಿಗೇ ಹೆಚ್ಚು ನಷ್ಟ.

ಮೊದಲು ಈ ಗೆರೆಯೆಂಬುದು ಏನೆಂದು ನೋಡೋಣ. ಪ್ರತಿ ಅಂಕಿಯ ಪಕ್ಕದಲ್ಲಿ ಇಷ್ಟರಿಂದ ಇಷ್ಟರವರೆಗೆ ಎಂದು ಒಂದು ಮಿತಿ ಅಚ್ಚಾಗಿರುತ್ತದೆಯಷ್ಟೆ. ಅದು ಬ್ರಹ್ಮಲಿಖಿತವಲ್ಲ. ಆರೋಗ್ಯವಾಗಿರುವ ಹಲವರ ರಕ್ತವನ್ನು ಪರೀಕ್ಷಿಸಿ, ಬಂದ ಅಂಕಿಗಳನ್ನು ಸಾಲಾಗಿ ಜೋಡಿಸಿ, ಆ ತುದಿಯಲ್ಲಿ ನೂರಕ್ಕೆ ಎರಡೂವರೆಯನ್ನೂ ಈ ತುದಿಯಲ್ಲಿ ನೂರಕ್ಕೆ ಎರಡೂವರೆಯನ್ನೂ ಬಿಟ್ಟು, ನಡುವೆ ಉಳಿದ ೯೫ನ್ನು ಸಾಮಾನ್ಯವೆಂದು ಕರೆಯುವುದು ರೂಢಿ. ಅಂದಮೇಲೆ ಇಪ್ಪತ್ತು ಜನ ಆರೋಗ್ಯವಂತರಲ್ಲಿ ಒಬ್ಬರು ಗೆರೆಯಿಂದಾಚೆಗೆ ಬೀಳುವುದು ಸಹಜವೇ. ಒಬ್ಬರಿಗೇ ಇಪ್ಪತ್ತು ಪರೀಕ್ಷೆ ಮಾಡಿದರೆ? ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಯಾವ ರೋಗವೂ ಇಲ್ಲದ ನೂರು ಜನರಲ್ಲಿ ೬೪ ಜನರ ವರದಿಯಲ್ಲಿ ಒಂದಾದರೂ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಈಗಿನ ಪ್ಯಾಕೇಜುಗಳಲ್ಲಿ ಎಪ್ಪತ್ತು ಎಂಬತ್ತು ಅಂಕಿಗಳಿರುತ್ತವೆ. ದೀಪಾವಳಿಗೆ ಸೀರೆಗಳಂತೆ ಅವುಗಳಿಗೂ ರಿಯಾಯಿತಿ. ಅಷ್ಟು ಅಂಕಿಗಳಲ್ಲಿ ಎಲ್ಲವೂ ಗೆರೆಯೊಳಗೆ ಬಂದರೆ ಅದೇ ಆಶ್ಚರ್ಯ.

ಸಕ್ಕರೆ ಮತ್ತು ಕೊಲೆಸ್ಟರಾಲುಗಳ ಮಿತಿ ಮಾತ್ರ ಹೀಗೆ ಹುಟ್ಟಿದ್ದಲ್ಲ. ಎಷ್ಟಕ್ಕೆ ಏರಿದರೆ ಕಣ್ಣು, ಹೃದಯ, ರಕ್ತನಾಳಗಳಿಗೆ ಕೇಡು ಬರುವುದೆಂಬುದನ್ನು ಬಹುಕಾಲ ಗಮನಿಸಿ ಹಾಕಿದ ಗೆರೆ ಅದು. ಆದ್ದರಿಂದ ಎಲ್ಲ ಗೆರೆಗಳೂ ಒಂದೇ ಜಾತಿಯವಲ್ಲ.

ಈಗ ಹೀಮೊಗ್ಲೋಬಿನ್ನಿಗೆ ಬರೋಣ. ಇದರ ಮೇಲೆಯೇ ನಾವು ಹೆಚ್ಚು ಹೊತ್ತು ನಿಲ್ಲುವವರಿದ್ದೇವೆ. ನಮ್ಮ ಮನೆಗಳಲ್ಲಿ 'ರಕ್ತ ಕಮ್ಮಿ' ಎನ್ನುತ್ತೇವೆ. ಈ ಊರಿನ ದಖನಿಯಲ್ಲಿ 'ಖೂನ್ ಕಮ್ ಹೈ' ಎನ್ನುತ್ತಾರೆ. ರಕ್ತದ ಪ್ರಮಾಣ ಕಡಿಮೆಯಾಗಿದೆಯೆಂದು ಇದರ ಅರ್ಥವಲ್ಲ. ಕೆಂಪು ಕಣಗಳೊಳಗಿದ್ದು ಶ್ವಾಸಕೋಶದಿಂದ ಪ್ರಾಣವಾಯುವನ್ನು ಹೊತ್ತು ತರುವ, ಕಬ್ಬಿಣದ ಅಂಶವುಳ್ಳ ವಸ್ತು ಕಡಿಮೆಯಾಗಿದೆಯೆಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಡೆಸಿಲೀಟರ್ ರಕ್ತದಲ್ಲಿ ಗಂಡಸರಿಗೆ ೧೩ ಗ್ರಾಂ, ಹೆಂಗಸರಿಗೆ ೧೨ ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಗರ್ಭಿಣಿಗೆ ಈ ಗೆರೆ ೧೧; ನಡುವಿನ ತಿಂಗಳುಗಳಲ್ಲಿ ಹತ್ತೂವರೆ. ಬಸುರಿನಲ್ಲಿ ರಕ್ತದ ನೀರಿನ ಭಾಗ ಹೆಚ್ಚುವುದರಿಂದ, ಸಾರಿಗೆ ನೀರು ಬೆರೆಸಿದಂತೆ, ಅಂಕಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಗರ್ಭಿಣಿಯ ೧೧ನ್ನು ನೋಡಿ ಅತ್ತೆಯವರು ಗಾಬರಿಗೊಳ್ಳಬೇಕಾಗಿಲ್ಲ. ಬಸುರಿಲ್ಲದ ಸೊಸೆಯ ೧೧ನ್ನು ನೋಡಿ ಸುಮ್ಮನಿರಲೂ ಕೂಡದು.

೨೦೧೯–೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ೧೫ರಿಂದ ೪೯ ವರ್ಷದೊಳಗಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ, ಗಂಡಸರಲ್ಲಿ ೨೫. ತೆಲಂಗಾಣದ ಹೆಂಗಸರಲ್ಲಿ ೫೭.೬, ಕರ್ನಾಟಕದಲ್ಲಿ ೪೭.೮. ಈ ಅಂಕಿಗಳ ಮೇಲೆಯೇ ವಿದ್ವಾಂಸರಲ್ಲಿ ಒಂದು ವಾದ ಎದ್ದಿತು. ಅದರಿಂದ ನಾವು ಕಲಿಯತಕ್ಕದ್ದು ಉಂಟು. ಆ ಸಮೀಕ್ಷೆಯಲ್ಲಿ ಬೆರಳ ತುದಿಯನ್ನು ಚುಚ್ಚಿ ರಕ್ತ ತೆಗೆಯಲಾಗಿತ್ತು. ಹನಿ ಸರಿಯಾಗಿ ಬಾರದೆ ಬೆರಳನ್ನು ಹಿಂಡಿದರೆ ಮಾಂಸದೊಳಗಿನ ನೀರೂ ಬೆರೆತು ಅಂಕಿ ತಪ್ಪಾಗಿ ಇಳಿಯಬಹುದು. ರಕ್ತನಾಳದಿಂದಲೇ ರಕ್ತ ತೆಗೆದು ನಡೆಸಿದ ಸಮೀಕ್ಷೆಗಳಲ್ಲಿ ರಕ್ತಹೀನತೆ ಇಷ್ಟು ಹೆಚ್ಚಾಗಿ ಕಂಡುಬಂದಿಲ್ಲ. ನಮ್ಮ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು ಆಹಾರ ಮತ್ತು ರಕ್ತದ ಅಂಶಗಳ ಬಗ್ಗೆ ಕೈಗೊಂಡ ದೇಶವ್ಯಾಪಿ ಸಮೀಕ್ಷೆಯಲ್ಲಿ ರಕ್ತನಾಳದಿಂದಲೇ ರಕ್ತ ತೆಗೆಯುವ ಕ್ರಮವನ್ನು ಹಿಡಿದಿದ್ದಾರೆ. ಸಂಸ್ಥೆಯ ಹೆಸರು ಬಂದುದರಿಂದ ಒಂದು ಮಾತು: ಇದು ೧೯೧೮ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ನರು ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಪುಟ್ಟ ಪ್ರಯೋಗಶಾಲೆ, ೧೯೫೮ರಲ್ಲಿ ಹೈದರಾಬಾದಿಗೆ ಬಂದಿತು. ಉಪ್ಪಿಗೆ ಕಬ್ಬಿಣದ ಅಂಶವನ್ನು ಸೇರಿಸಿ ಬಡವರ ಊಟಕ್ಕೆ ಮುಟ್ಟಿಸುವ ಉಪಾಯವನ್ನು ಇಲ್ಲಿ ಬಿ. ಎಸ್. ನರಸಿಂಗರಾಯರೂ ಅವರ ಸಂಗಡಿಗರೂ ಸಾಧಿಸಿದರು.

ಆದುದರಿಂದ ಶಿಬಿರದಲ್ಲಿ ಬೆರಳು ಚುಚ್ಚಿ ೯ ಎಂದರೆ, ಒಮ್ಮೆ ರಕ್ತನಾಳದಿಂದ ತೆಗೆಸಿ ನೋಡುವುದು ಯುಕ್ತ. ಅಲ್ಲಿಯೂ ೯ ಬಂದರೆ ಮುಂದಿನ ಪ್ರಶ್ನೆ: ಯಾಕೆ?

ಈ 'ಯಾಕೆ' ಎಂಬುದನ್ನೇ ನಮ್ಮ ಮನೆಗಳಲ್ಲಿ ಕೇಳುವುದಿಲ್ಲ. ಅಂಗಡಿಯಿಂದ ಟಾನಿಕ್ಕಿನ ಶೀಸೆ ಬರುತ್ತದೆ, ಬೀಟ್‌ರೂಟು ದಾಳಿಂಬೆ ಬರುತ್ತವೆ. ಅವುಗಳ ಬಣ್ಣ ಕೆಂಪಾದ್ದರಿಂದ ರಕ್ತವಾಗುವುದೆಂಬ ನಂಬಿಕೆ. ನಿವೃತ್ತರಾದ ಹಿರಿಯರೊಬ್ಬರನ್ನು ಕಂಡಿದ್ದೆವು. ಹೀಮೊಗ್ಲೋಬಿನ್ ೯ಕ್ಕೆ ಇಳಿದಿತ್ತು. ತಾವೇ ಕಬ್ಬಿಣದ ಮಾತ್ರೆ ತೆಗೆದುಕೊಂಡರು, ಅಂಕಿ ೧೧ಕ್ಕೆ ಏರಿತು, ಎಲ್ಲರಿಗೂ ಸಂತೋಷ. ಒಂದು ವರ್ಷದ ಮೇಲೆ ಮತ್ತೆ ಇಳಿದಾಗ ಕರುಳನ್ನು ನೋಡಿಸಿದರು. ದೊಡ್ಡ ಕರುಳಿನಲ್ಲಿ ಗಡ್ಡೆ. ಕಣ್ಣಿಗೆ ಕಾಣದಷ್ಟು ರಕ್ತ ಪ್ರತಿದಿನ ಅಲ್ಲಿಂದ ಸೋರಿಹೋಗುತ್ತಿತ್ತು. ಮುಟ್ಟಾಗುವ ಹೆಂಗಸರಿಗೆ ಕಬ್ಬಿಣದ ಕೊರತೆಗೆ ಕಾರಣ ಮೇಲುನೋಟಕ್ಕೇ ಸಿಗಬಹುದು. ಆದರೆ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಹಾಗಾದರೆ ಎಲ್ಲಿಂದ ರಕ್ತ ಹೋಗುತ್ತಿದೆಯೆಂದು ಹುಡುಕಲೇಬೇಕು. ಮಾತ್ರೆ ಅಂಕಿಯನ್ನು ಏರಿಸಿತೆಂದರೆ ಹುಡುಕಾಟ ಮುಗಿಯಿತೆಂದಲ್ಲ.

ಹೆಂಗಸರ ಸಂಗತಿಯಲ್ಲಿಯೂ ಮೇಲುನೋಟ ಸಾಲದು. ನಮ್ಮ ಮನೆಗಳಲ್ಲಿ ಯಜಮಾನರ ಸಕ್ಕರೆಯನ್ನು ತಿಂಗಳಿಗೊಮ್ಮೆ ನೋಡಿಸುತ್ತೇವೆ. ಮನೆಯಾಕೆಯ ಹೀಮೊಗ್ಲೋಬಿನ್ ನೋಡಿದ್ದು ಕೊನೆಯ ಹೆರಿಗೆಯಲ್ಲಿ. ನಲವತ್ತೈದರ ಗೃಹಿಣಿ ಎರಡು ಅಂತಸ್ತು ಹತ್ತಿ ಏದುಸಿರು ಬಿಟ್ಟರೆ 'ವಯಸ್ಸಾಯಿತಲ್ಲ' ಎನ್ನುತ್ತೇವೆ. ತಿಂಗಳಿಗೆ ಎಂಟು ದಿನ ಮುಟ್ಟು ಹೋಗುತ್ತಿದ್ದರೂ ಆಕೆ ಯಾರಿಗೂ ಹೇಳುವುದಿಲ್ಲ. ಹೇಳಿದರೂ ಅದು ಹೆಂಗಸರ ಪಾಡೆಂದು ಬಿಡುತ್ತೇವೆ. ಹೀಗೆ ವರ್ಷಗಟ್ಟಲೆ ೭ರಲ್ಲೂ ೮ರಲ್ಲೂ ಅಡುಗೆ ಮಾಡಿ ಬಡಿಸಿದ ತಾಯಂದಿರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಮೆಲ್ಲಮೆಲ್ಲನೆ ಇಳಿದ ಅಂಕಿಗೆ ದೇಹ ಒಗ್ಗಿಕೊಳ್ಳುತ್ತದೆ, ಅದೇ ಅಪಾಯ.

ಕಾರಣ ಹುಡುಕಲು ಆ ಚೀಟಿಯಲ್ಲಿಯೇ ಇನ್ನೊಂದು ಸುಳಿವುಂಟು. 'ಎಂ.ಸಿ.ವಿ.' ಎಂದು ಅಚ್ಚಾಗಿರುವ ಸಾಲನ್ನು ನೋಡಿ. ಅದು ಕೆಂಪು ಕಣದ ಸರಾಸರಿ ಗಾತ್ರ. ಸುಮಾರು ೮೦ರಿಂದ ೧೦೦. ಹೀಮೊಗ್ಲೋಬಿನ್ ಕಡಿಮೆಯಿದ್ದು ಕಣವೂ ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಫೆರಿಟಿನ್ ಎಂಬ ಪರೀಕ್ಷೆಯಿಂದ ದೇಹದ ಕಬ್ಬಿಣದ ದಾಸ್ತಾನು ತಿಳಿಯುತ್ತದೆ. ಕಣ ದೊಡ್ಡದಾಗಿದ್ದರೆ ಬಿ-೧೨ ಅಥವಾ ಫೋಲಿಕ್ ಆಮ್ಲದ ಕೊರತೆಯನ್ನು ಶಂಕಿಸಬೇಕು. ಎರಡು ಕೊರತೆಯೂ ಒಟ್ಟಿಗೆ ಇದ್ದರೆ ಚಿಕ್ಕದೂ ದೊಡ್ಡದೂ ಬೆರೆತು ಸರಾಸರಿ ಮಾತ್ರ ಸರಿಯಾಗಿ ಕಾಣುತ್ತದೆ! ನಮ್ಮಲ್ಲಿ ಶಾಕಾಹಾರಿಗಳು ಬಹಳ. ಬಿ-೧೨ ಸಸ್ಯಗಳಲ್ಲಿ ಇಲ್ಲ, ಹಾಲು ಮೊಸರುಗಳಲ್ಲಿ ಅಷ್ಟಿಷ್ಟು ಉಂಟು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ನನ್ನು ಬಹುಕಾಲ ನುಂಗುವವರಲ್ಲಿ ಅದು ಇನ್ನಷ್ಟು ಇಳಿಯಬಹುದು. ಅಂಗಾಲು ಜುಮುಗುಟ್ಟಿದರೆ ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟಬೇಡಿರಿ.

ಫೋಲಿಕ್ ಆಮ್ಲದ ಕಥೆ ನಮ್ಮ ನೆಲದ್ದೇ. ೧೯೨೮ರ ಸುಮಾರಿಗೆ ಲೂಸಿ ವಿಲ್ಸ್ ಎಂಬಾಕೆ ಇಂಗ್ಲೆಂಡಿನಿಂದ ಮುಂಬಯಿಗೆ ಬಂದು ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಈಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥದಿಂದ ಅದು ಗುಣವಾಗುವುದನ್ನು ಕಂಡು ೧೯೩೧ರಲ್ಲಿ ಪ್ರಕಟಿಸಿದರು. ಆ ಗುಣಕಾರಿ ವಸ್ತುವೇ ಮುಂದೆ ಫೋಲಿಕ್ ಆಮ್ಲವೆನಿಸಿತು. ಅದನ್ನು ೧೯೪೫ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ರಕ್ತದಲ್ಲಿನ ರಂಜಕವನ್ನು ಅಳೆಯಲು ಫಿಸ್ಕ್ ಎಂಬವರೊಡನೆ ಅವರು ೧೯೨೫ರಲ್ಲಿ ಕೊಟ್ಟ ವಿಧಾನ ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂದಿತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಗೆ ದಿನಕ್ಕೊಂದರಂತೆ ೧೮೦ ದಿನ ಕೊಡುವ ಮಾತ್ರೆಯಲ್ಲಿ ೬೦ ಮಿಲಿಗ್ರಾಂ ಕಬ್ಬಿಣದ ಜೊತೆಗೆ ೫೦೦ ಮೈಕ್ರೋಗ್ರಾಂ ಇದೇ ಫೋಲಿಕ್ ಆಮ್ಲ ಉಂಟು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಿ ಬಿಡಬೇಡಿರಿ. ಚಹದೊಡನೆ ಮಾತ್ರ ನುಂಗಬೇಡಿರಿ. ಇರಾಣಿ ಚಹದ ಊರಿನಲ್ಲಿ ಈ ಮಾತು ರುಚಿಸದಿದ್ದರೂ ಹೇಳಲೇಬೇಕು. ಚಹ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಂಬೆಹಣ್ಣಿನ ರಸ ಅದನ್ನು ಮೈಗೆ ಹತ್ತಿಸುತ್ತದೆ.

ಚಿಕ್ಕ ಕಣಗಳ ವಿಷಯದಲ್ಲಿ ಇನ್ನೊಂದು ಮಾತು ಬಾಕಿಯಿದೆ. ಇದು ಮದುವೆಯ ವಯಸ್ಸಿನ ಮಕ್ಕಳಿರುವವರಿಗೆ. ಕೆಲವರಲ್ಲಿ ಹೀಮೊಗ್ಲೋಬಿನ್ ಸ್ವಲ್ಪವೇ ಕಡಿಮೆ, ಕಣ ಬಹಳ ಚಿಕ್ಕದು, ಆದರೆ ಕಣಗಳ ಸಂಖ್ಯೆ ೫೦ ಲಕ್ಷಕ್ಕೂ ಮೇಲೆ. ವರ್ಷಗಟ್ಟಲೆ ಕಬ್ಬಿಣ ನುಂಗಿದರೂ ಅಂಕಿ ಕದಲದು. ಇವರು ಥಲಸ್ಸೀಮಿಯಾದ ಬೀಜವನ್ನು ಹೊತ್ತವರಿರಬಹುದು. ಇವರಿಗೆ ರೋಗವಿಲ್ಲ, ಔಷಧ ಬೇಕಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಅಂಥವರಾದರೆ ಪ್ರತಿ ಬಸುರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಸಂಭವ: ಮಗುವಿಗೆ ತೀವ್ರ ಥಲಸ್ಸೀಮಿಯಾ, ಎರಡು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ. ಇದೇ ಊರಿನ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿಗೆ ಹೋದರೆ ಸಾಲು ಮಂಚಗಳಲ್ಲಿ ರಕ್ತ ಹತ್ತಿಸಿಕೊಳ್ಳುತ್ತ ಪಾಠ ಓದುವ ಮಕ್ಕಳನ್ನು ಕಾಣಬಹುದು. ಹೀಮೊಗ್ಲೋಬಿನ್ ಎ-೨ ಎಂಬ ಪರೀಕ್ಷೆಯಲ್ಲಿ ನೂರಕ್ಕೆ ಮೂರೂವರೆಗಿಂತ ಹೆಚ್ಚು ಬಂದರೆ ಬೀಜ ಇದೆಯೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ನಮ್ಮಂಥ ಸಂಘಗಳಲ್ಲಿ ವಧೂವರರ ವಿವರ ಸಂಗ್ರಹಿಸುವಾಗ ಗೋತ್ರ, ನಕ್ಷತ್ರಗಳನ್ನು ತಪ್ಪದೆ ಬರೆಸಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಇದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಮಾಡಿದರೆ ಹೆಣ್ಣುಮಕ್ಕಳಿಗೇ ಕುತ್ತು. ಮಾತು ಮುಂದುವರಿದ ಮೇಲೆ ಎರಡು ಮನೆಯವರೂ ಗುಟ್ಟಾಗಿ ಒಮ್ಮೆ ಪರೀಕ್ಷಿಸಿಕೊಂಡರೆ ಸಾಕು. ಒಬ್ಬರಿಗೆ ಮಾತ್ರ ಇದ್ದರೆ ಮದುವೆಗೆ ಯಾವ ಅಡ್ಡಿಯೂ ಇಲ್ಲ.

ಸಕ್ಕರೆಯ ವಿಷಯ ನೀವೆಲ್ಲ ನಮಗಿಂತ ಚೆನ್ನಾಗಿ ಬಲ್ಲಿರಿ, ಬೇಗ ಮುಗಿಸೋಣ. ಖಾಲಿ ಹೊಟ್ಟೆಯಲ್ಲಿ ೧೦೦ರ ಒಳಗೆ ಸರಿ, ೧೨೬ ಮುಟ್ಟಿದರೆ ರೋಗ. ಮೂರು ತಿಂಗಳ ಸರಾಸರಿಯೆಂದು ಹೇಳುವ ಎಚ್‌ಬಿ ಎ೧ಸಿ ೫.೭ರ ಒಳಗೆ ಸರಿ, ೬.೫ ಮುಟ್ಟಿದರೆ ರೋಗ. ಲಕ್ಷಣವಿಲ್ಲದವರಲ್ಲಿ ಎರಡನೆಯ ಸಲ ನೋಡಿ ಖಚಿತಪಡಿಸಿಕೊಳ್ಳಬೇಕು. ಈ ಪರೀಕ್ಷೆ ನಡೆಯುವುದು ಕೆಂಪು ಕಣದ ಮೇಲೆ. ಕಣದ ಆಯುಸ್ಸು ಸುಮಾರು ೧೨೦ ದಿನ. ಅಷ್ಟು ದಿನದಲ್ಲಿ ಅದಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿತೆಂಬುದೇ ಲೆಕ್ಕ. ಆದ್ದರಿಂದ ಕಬ್ಬಿಣದ ಕೊರತೆಯಿರುವವರಲ್ಲಿ ಈ ಅಂಕಿ ಇದ್ದುದಕ್ಕಿಂತ ಹೆಚ್ಚಾಗಿಯೂ, ಕಣಗಳು ಬೇಗ ನಾಶವಾಗುವವರಲ್ಲಿ ಕಡಿಮೆಯಾಗಿಯೂ ಕಾಣಬಹುದು. ಹೀಮೊಗ್ಲೋಬಿನ್ ೮ ಇರುವ ತಾಯಿಯ ಎ೧ಸಿ ೬.೬ ಬಂದಿತೆಂದರೆ ಅಷ್ಟರಿಂದಲೇ ಸಕ್ಕರೆ ರೋಗವೆಂದು ಹಣೆಪಟ್ಟಿ ಹಚ್ಚಬಾರದು. ಇನ್ನು, ಮಾತ್ರೆಯಿಂದ ಸಕ್ಕರೆ ಹತೋಟಿಗೆ ಬಂದುದನ್ನು ನೋಡಿ 'ನಾರ್ಮಲ್ ಆಯಿತು' ಎಂದು ಮಾತ್ರೆಯನ್ನೇ ಬಿಡುವ ಮಹನೀಯರಿಗೆ ಏನು ಹೇಳೋಣ! ಮಳೆಯಲ್ಲಿ ನೆನೆಯಲಿಲ್ಲವೆಂದು ನಡುಹಾದಿಯಲ್ಲಿ ಕೊಡೆ ಮಡಚಿದಂತೆ.

ಮೂತ್ರಪಿಂಡದ ಪರೀಕ್ಷೆಯಾದ ಕ್ರಿಯಾಟಿನಿನ್ ಒಂದು ಮೋಸದ ಅಂಕಿ. ಅದು ಸ್ನಾಯುಗಳಿಂದ ಹುಟ್ಟುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ೨೫ ವರ್ಷದ ಗಂಡಿಗೂ ೭೫ ವರ್ಷದ ಅಜ್ಜಿಗೂ ಅದು ೧.೧ ಇದೆಯೆನ್ನಿ. ಇಂದು ಬಳಕೆಯಲ್ಲಿರುವ ಸೂತ್ರದಿಂದ ಲೆಕ್ಕ ಹಾಕಿದರೆ ಹುಡುಗನ ಮೂತ್ರಪಿಂಡಗಳ ಸೋಸುವ ಶಕ್ತಿ ೯೫ರ ಸುಮಾರು, ಅಜ್ಜಿಯದು ೫೨ರ ಸುಮಾರು. ಅಂಕಿ ಒಂದೇ, ಗೆರೆಯೂ ಬಹುಶಃ ಮೀರಿಲ್ಲ. ಆದರೆ ಆ ಅಜ್ಜಿ ಮಂಡಿನೋವಿಗೆಂದು ಅಂಗಡಿಯಿಂದ ತರಿಸಿ ನುಂಗುವ ನೋವಿನ ಮಾತ್ರೆ ಆಕೆಗೆ ವಿಷವಾಗಬಹುದು. ಚೀಟಿಯಲ್ಲಿ ಕ್ರಿಯಾಟಿನಿನ್ನಿನ ಕೆಳಗೆ 'ಇ-ಜಿ.ಎಫ್.ಆರ್.' ಎಂದಿದ್ದರೆ ಅದನ್ನು ನೋಡಿ. ೬೦ಕ್ಕಿಂತ ಕೆಳಗಿದ್ದರೆ ಮೂರು ತಿಂಗಳಲ್ಲಿ ಮತ್ತೆ ನೋಡಿಸಿ, ವೈದ್ಯರಿಗೆ ತೋರಿಸಿ.

ಈ ಊರಿನ ಮಳೆಗಾಲ ಕಳೆಯುವ ಹೊತ್ತಿಗೆ ಎಲ್ಲರ ಬಾಯಲ್ಲಿ ಒಂದೇ ಅಂಕಿ: ಪ್ಲೇಟ್‌ಲೆಟ್. ಒಂದು ಘನ ಮಿಲಿಮೀಟರಿನಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕು. ಡೆಂಗೆ ಜ್ವರದಲ್ಲಿ ೬೦ ಸಾವಿರಕ್ಕೆ ಇಳಿದೊಡನೆ ರಕ್ತನಿಧಿಗಳ ಮುಂದೆ ಓಡಾಟ, ಪರಂಗಿ ಎಲೆಗೆ ಹುಡುಕಾಟ. ರಕ್ತಸ್ರಾವವಿಲ್ಲದಿದ್ದರೆ ೧೦ ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಹತ್ತಿಸುವ ಅಗತ್ಯವಿಲ್ಲವೆಂಬುದು ನಮ್ಮ ದೇಶದ ಮಾರ್ಗಸೂಚಿಯೇ ಹೇಳುವ ಮಾತು. ನೋಡಬೇಕಾದ ಅಂಕಿ ಅದರ ಮೇಲಿನ ಸಾಲಿನಲ್ಲಿರುತ್ತದೆ: ಹೆಮಟೊಕ್ರಿಟ್, ಅಂದರೆ ರಕ್ತದಲ್ಲಿ ಕಣಗಳ ಪಾಲು. ರಕ್ತದ ನೀರು ನಾಳಗಳಿಂದ ಸೋರಿದರೆ ರಕ್ತ ಗಟ್ಟಿಯಾಗಿ ಈ ಅಂಕಿ ಏರುತ್ತದೆ. ಇದ್ದುದಕ್ಕಿಂತ ಐದರಲ್ಲೊಂದು ಪಾಲು ಏರಿತೆಂದರೆ ಅಪಾಯ. ಜ್ವರ ಇಳಿಯುವ ದಿನವೇ ಈ ಗಂಡಾಂತರ ಬರುವುದು. ಮಗು ತಣ್ಣಗಾಯಿತೆಂದು ನಿಶ್ಚಿಂತರಾಗುವ ಹೊತ್ತು ಅದು. ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ವರದಿಗಾಗಿ ಕಾಯದೆ ಆಸ್ಪತ್ರೆಗೆ ಹೊರಡಿ.

ಜ್ವರವೆಲ್ಲ ಡೆಂಗೆಯಲ್ಲ. ಮಲೇರಿಯಾ ಹೌದೇ ಅಲ್ಲವೇ ಎಂಬುದನ್ನು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರೆ ತಿಳಿಯುತ್ತದೆ. ಅದು ಸೊಳ್ಳೆಯಿಂದ ಬರುವುದೆಂಬುದಕ್ಕೆ ಮೊದಲ ಕುರುಹು ಸಿಕ್ಕಿದ್ದು ನಮ್ಮ ಬೇಗಂಪೇಟೆಯಲ್ಲಿ. ರೊನಾಲ್ಡ್ ರಾಸ್ ಬೆಂಗಳೂರಿನಲ್ಲಿ ಕಾಲರಾ ಕೆಲಸ ಮಾಡಿ ಸಿಕಂದರಾಬಾದಿಗೆ ಬಂದವರು. ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಗೊಂದಾಣೆಯಂತೆ ಕೊಟ್ಟು ಕಚ್ಚಿಸಿದ ಸೊಳ್ಳೆಯ ಹೊಟ್ಟೆಯಲ್ಲಿ ೧೮೯೭ರ ಆಗಸ್ಟ್ ೨೦ರಂದು ಅವರು ಆ ಕ್ರಿಮಿಯನ್ನು ಕಂಡರು; ೧೯೦೨ರಲ್ಲಿ ನೊಬೆಲ್ ಬಹುಮಾನ ಬಂದಿತು. ಬಹುಮಾನದ ಸುದ್ದಿ ಎಲ್ಲರಿಗೂ ಗೊತ್ತು. ಕೈ ನೀಡಿದ ಹುಸೇನ್ ಖಾನನನ್ನು ನೆನೆಯುವವರು ಕಡಿಮೆ. ಟೈಫಾಯಿಡಿಗೆ ಮಾಡಿಸುವ ವಿಡಾಲ್ ಪರೀಕ್ಷೆಯನ್ನು ಮಾತ್ರ, ಅದೊಂದನ್ನೇ ಒಮ್ಮೆ ನೋಡಿ, ನಂಬಬೇಡಿರಿ. ಹಿಂದೆಂದೋ ಬಂದ ಸೋಂಕೂ ಅದರಲ್ಲಿ ಕಾಣಿಸಿಕೊಳ್ಳುತ್ತದೆ. ಔಷಧ ಆರಂಭಿಸುವ ಮೊದಲು ರಕ್ತವನ್ನು ಕಲ್ಚರಿಗೆ ಕಳಿಸುವುದು ಉತ್ತಮ ಕ್ರಮ.

ಕೊನೆಗೆ, ರಕ್ತ ಕೊಡುವ ದಿನದ ಒಂದೆರಡು ಸಂಗತಿ. ಉಪವಾಸವೆಂದರೆ ಏಕಾದಶಿಯ ನಿರ್ಜಲ ವ್ರತವಲ್ಲ. ನೀರನ್ನು ಧಾರಾಳವಾಗಿ ಕುಡಿಯಿರಿ, ನಾಳವೂ ಸುಲಭವಾಗಿ ಸಿಗುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವ ಹೆಣ್ಣುಮಕ್ಕಳು ಥೈರಾಯ್ಡ್ ಪರೀಕ್ಷೆಗೆ ಮೊದಲು ಹಾಗೆಂದು ತಿಳಿಸಬೇಕು. ಅದು ಅಂಕಿಯನ್ನು ಕೆಡಿಸುತ್ತದೆ. ಸಾಧ್ಯವಾದಷ್ಟು ಒಂದೇ ಪ್ರಯೋಗಶಾಲೆಗೆ ಹೋಗಿ, ಹಳೆಯ ಚೀಟಿಗಳನ್ನು ತಾರೀಖಿನಂತೆ ಜೋಡಿಸಿಟ್ಟುಕೊಳ್ಳಿ. ಹತ್ತು ವರ್ಷ ೧೪ ಇದ್ದ ಗಂಡಸಿನ ಹೀಮೊಗ್ಲೋಬಿನ್ ಈ ವರ್ಷ ೧೩.೧ ಆದರೆ ಗೆರೆ ದಾಟಿಲ್ಲವೆಂದು ಯಂತ್ರ ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವುದಿಲ್ಲ; ಹಳೆಯ ಚೀಟಿ ಪಕ್ಕದಲ್ಲಿದ್ದರೆ ನಿಮ್ಮ ಕಣ್ಣಿಗೇ ಬೀಳುತ್ತದೆ. ಸೂಜಿ ತೆಗೆದ ಮೇಲೆ ಮೊಣಕೈ ಮಡಚಬೇಡಿರಿ. ಕೈಯನ್ನು ನೀಡಿಕೊಂಡು ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ಚರ್ಮ ನೀಲಿಗಟ್ಟುವುದಿಲ್ಲ.